ಎಚ್‌ಟಿಟಿಪಿ ಕೋರಿಕೆಗಳನ್ನು ಒಂದೇ ಹತೋಟಿಗೆ ತಂದ ಬಗೆ: ಊರುಗಳ ಪಟ್ಟಿಯೊಂದರ ಅನುಭವ

ಶಾಸನಗಳು ಸಿಕ್ಕ ಊರುಗಳನ್ನು ನಕಾಶೆಯ ಮೇಲೆ ಗುರುತಿಸುವ ಪುಟ್ಟ ತಂತ್ರಾಂಶವೊಂದು ನಮ್ಮ ಇತಿಹಾಸಾಸಕ್ತರ ಬಳಗದಲ್ಲಿ ಕೆಲವು ವರ್ಷಗಳಿಂದ ಇದೆ. ಬೇರೆ ಬೇರೆ ಕಾಲಕ್ಕೆ ಬಂದುಹೋದ ಸ್ವಯಂಸೇವಕರು ಅದನ್ನು ಪೈಥಾನ್‌ನಲ್ಲಿ ತುಂಡುತುಂಡಾಗಿ ಬರೆದಿದ್ದರು. ಊರಿನ ಹೆಸರು, ಹೋಬಳಿ, ತಾಲ್ಲೂಕು ಕೊಟ್ಟರೆ ಅದು ಮೊದಲು ವಿಕಿಡೇಟಾವನ್ನು, ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಾಮಿನಾಟಿಮ್ ಸೇವೆಯನ್ನು, ಅಲ್ಲಿಯೂ ಸಿಗದಿದ್ದರೆ ಹಣ ಕೊಟ್ಟು ಪಡೆದ ಖಾಸಗಿ ನಕಾಶೆ ಸೇವೆಯೊಂದನ್ನು ಕೇಳಿ ಅಕ್ಷಾಂಶ ರೇಖಾಂಶಗಳನ್ನು ತರುತ್ತಿತ್ತು. ಪಟ್ಟಿ ಚಿಕ್ಕದಿದ್ದಷ್ಟು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಈ ವರ್ಷ ಪಟ್ಟಿ ಇಪ್ಪತ್ತು ಸಾವಿರ ಸಾಲುಗಳಿಗೆ ಬೆಳೆದಾಗ ತಂತ್ರಾಂಶ ಒಮ್ಮೆ ರಾತ್ರಿಯಿಡೀ ಸದ್ದಿಲ್ಲದೆ ನಿಂತುಬಿಡುತ್ತಿತ್ತು, ಇನ್ನೊಮ್ಮೆ 403 (ಪ್ರವೇಶವಿಲ್ಲ) ಮತ್ತು 429 (ಕೋರಿಕೆಗಳು ಅತಿಯಾದವು) ಎಂಬ ನಿರಾಕರಣೆಯ ಸಂಖ್ಯೆಗಳನ್ನು ಲಾಗ್ ತುಂಬ ಸುರಿಯುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ ನನ್ನ ಪಾಲಿಗೆ ಬಂತು. ಆ ಕೆಲಸ ಈಗ ಮುಗಿದಿದೆ. ನಡುವೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಯಾವ ಕೈಪಿಡಿಯಲ್ಲಿಯೂ ಒಂದೇ ಕಡೆ ಸಿಗದ ಕಾರಣ, ಇದೇ ದಾರಿಯಲ್ಲಿ ಬರುವವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಮಾಡಿದ ಕೆಲಸ ಎಣಿಕೆ. ಹೊರಗಿನ ಸರ್ವರ್‌ಗೆ ಎಚ್‌ಟಿಟಿಪಿ (ವೆಬ್‌ನಲ್ಲಿ ಕೇಳಿ ಹೇಳುವ ಕ್ರಮ) ಕೋರಿಕೆ ಕಳುಹಿಸುವ ಸಾಲುಗಳು ಕೋಡ್‌ನಲ್ಲಿ ಎಲ್ಲೆಲ್ಲಿ ಇವೆ ಎಂದು ಹುಡುಕಿದಾಗ, ಪ್ರತಿ ಫೈಲೂ ತನ್ನದೇ ರೀತಿಯಲ್ಲಿ ಕೇಳುತ್ತಿರುವುದು ಕಂಡಿತು. ಒಂದರಲ್ಲಿ ಹತ್ತು ಸೆಕೆಂಡಿನ ಗಡುವಿತ್ತು, ಇನ್ನೊಂದರಲ್ಲಿ ಗಡುವೇ ಇರಲಿಲ್ಲ, ಮತ್ತೊಂದರಲ್ಲಿ ಯಾರೋ ಎರಡು ಕೋರಿಕೆಗಳ ನಡುವೆ ಅರ್ಧ ಸೆಕೆಂಡ್ ಮಲಗುವ ಸಾಲು ಸೇರಿಸಿ, ಪಕ್ಕದಲ್ಲಿ «ಸದ್ಯಕ್ಕೆ» ಎಂದು ಟಿಪ್ಪಣಿ ಬರೆದಿದ್ದರು. ಇಂಥ ಎಣಿಕೆಯನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸೆಟ್ಟಿಂಗ್‌ಗಳನ್ನು ಒಂದೆಡೆ ತಂದ ಮೇಲೂ ಹಳೆಯ ಕರೆ ಎಲ್ಲೋ ಒಂದು ಉಳಿದುಬಿಟ್ಟರೆ ಇಡೀ ಲೆಕ್ಕ ತಪ್ಪುತ್ತದೆ.

ಎರಡನೆಯದು ಓದು. ಪ್ರತಿ ಸೇವೆಯ ಬಳಕೆಯ ನಿಯಮಗಳನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಂಡೆ. ನಾಮಿನಾಟಿಮ್‌ನ ಸಾರ್ವಜನಿಕ ಸರ್ವರ್‌ಗೆ ಸೆಕೆಂಡಿಗೆ ಒಂದು ಕೋರಿಕೆಯೇ ಪರಮಾವಧಿ. ಯಾವ ತಂತ್ರಾಂಶ ಕೇಳುತ್ತಿದೆ ಎಂಬುದು ಕೋರಿಕೆಯ ಜೊತೆ ಹೋಗುವ ಯೂಸರ್-ಏಜೆಂಟ್ ಎಂಬ ಹೆಡರ್‌ನಲ್ಲಿ (ತಲೆಬರಹದ ಸಾಲಿನಲ್ಲಿ) ಸ್ಪಷ್ಟವಾಗಿರಬೇಕು, ಲೈಬ್ರರಿ ತಾನಾಗಿ ಹಾಕುವ ಹೆಸರು ಸಾಲದು. ದೊಡ್ಡ ಪಟ್ಟಿಗಳನ್ನು ಒಟ್ಟಿಗೆ ಕೇಳುವುದನ್ನು ಅವರು ಪ್ರೋತ್ಸಾಹಿಸುವುದಿಲ್ಲ. ಒಂದೇ ಸಲದ ಸಣ್ಣ ಕೆಲಸವಾದರೆ ಒಂದೇ ಯಂತ್ರದಿಂದ, ಒಂದೇ ಎಳೆಯಲ್ಲಿ ಕೇಳಿ, ಬಂದ ಉತ್ತರವನ್ನು ಉಳಿಸಿಟ್ಟುಕೊಳ್ಳಬೇಕು. ವಿಕಿಡೇಟಾವನ್ನು ನಡೆಸುವ ವಿಕಿಮೀಡಿಯಾದ ಎಪಿಐ (ತಂತ್ರಾಂಶಗಳು ಮಾಹಿತಿ ಕೇಳುವ ದಾರಿ) ಕೂಡ ಕೋರಿಕೆಗಳು ಒಂದರ ಹಿಂದೆ ಒಂದು ಬರಲಿ, ಒಮ್ಮೆಲೇ ಹತ್ತಾರು ಬೇಡ ಎನ್ನುತ್ತದೆ; ಅದಕ್ಕೆ ಬದಲಾಗಿ ಒಂದೇ ಕೋರಿಕೆಯಲ್ಲಿ ಐವತ್ತು ಶೀರ್ಷಿಕೆಗಳವರೆಗೆ ಕೇಳಲು ಬಿಡುತ್ತದೆ.

ಇಪ್ಪತ್ತು ಸಾವಿರ ಸಾಲುಗಳನ್ನು ಸೆಕೆಂಡಿಗೊಂದರಂತೆ ಕೇಳಿದರೆ ಐದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಅದೂ ಏನೂ ಎಡವಟ್ಟಾಗದಿದ್ದರೆ. ಪಟ್ಟಿಯನ್ನು ನೋಡಿಕೊಳ್ಳುವ ನಿವೃತ್ತ ಮೇಷ್ಟ್ರು «ಇನ್ನೂ ಎಷ್ಟು ಹೊತ್ತಪ್ಪಾ ಇದಕ್ಕೆ?» ಎಂದು ಕೇಳಿದಾಗ ವೇಗ ಹೆಚ್ಚಿಸುವ ದಾರಿ ಇಲ್ಲ, ಕೇಳುವುದನ್ನೇ ಕಡಿಮೆ ಮಾಡಬೇಕು ಎಂದೆ. ಒಂದೇ ಊರಿನಲ್ಲಿ ಹತ್ತಾರು ಶಾಸನಗಳು ಸಿಕ್ಕಿರುವುದು ಸಾಮಾನ್ಯವಾದ್ದರಿಂದ, ಊರು ಮತ್ತು ತಾಲ್ಲೂಕಿನ ಜೋಡಿಗಳನ್ನು ಒಮ್ಮೆ ಬೇರ್ಪಡಿಸಿದೊಡನೆ ಪಟ್ಟಿ ಬಹಳಷ್ಟು ಇಳಿಯಿತು. ಉಳಿದವುಗಳಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಪುಟವಿರುವ ಊರುಗಳನ್ನು ಐವತ್ತೈವತ್ತರ ಗುಂಪಿನಲ್ಲಿ ವಿಕಿಡೇಟಾದಿಂದಲೇ ಪಡೆದೆವು. ನಾಮಿನಾಟಿಮ್‌ಗೆ ಹೋಗಬೇಕಾದವು ಆಮೇಲೆ ಉಳಿದವು ಮಾತ್ರ. ಇದಕ್ಕಿಂತ ದೊಡ್ಡ ಪಟ್ಟಿ ಇರುವವರು ಜಿಯೋಫ್ಯಾಬ್ರಿಕ್ ಜಾಲತಾಣದಲ್ಲಿ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದಕ್ಷಿಣ ಭಾರತದ ತುಣುಕನ್ನು ಇಳಿಸಿಕೊಂಡು ನಾಮಿನಾಟಿಮ್ ಅನ್ನು ತಮ್ಮ ಯಂತ್ರದಲ್ಲಿಯೇ ನಡೆಸುವುದು ಲೇಸು. ಆಗ ಮಿತಿ ನಿಮ್ಮದೇ.

ಆಮೇಲೆ ಕೋಡ್‌ಗೆ ಕೈ ಹಾಕಿದೆ. ರಾತ್ರಿಯಿಡೀ ನಿಂತುಬಿಡುತ್ತಿದ್ದುದರ ಕಾರಣ ಬೇಗ ಸಿಕ್ಕಿತು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಗಡುವನ್ನು ನಾವಾಗಿ ಹೇಳದಿದ್ದರೆ ಅದು ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ. ಹೇಳುವುದಾದರೆ ಎರಡು ಅಂಕಿ ಕೊಡುವುದು ಒಳ್ಳೆಯದು: ಸಂಪರ್ಕ ಕುದುರಲು ಒಂದು, ಉತ್ತರ ಓದಲು ಇನ್ನೊಂದು. ನಾನು 3.05 ಮತ್ತು 30 ಇಟ್ಟೆ. ಮೊದಲನೆಯದನ್ನು ಮೂರರ ಗುಣಕಕ್ಕಿಂತ ತುಸು ಹೆಚ್ಚಿಡಿ ಎಂದು ಲೈಬ್ರರಿಯ ಕೈಪಿಡಿಯೇ ಸಲಹೆ ಕೊಡುತ್ತದೆ. ಎರಡನೆಯ ಅಂಕಿ ಇಡೀ ಉತ್ತರಕ್ಕೆ ಇರುವ ಗಡುವಲ್ಲ, ಎರಡು ಬೈಟ್‌ಗಳ ನಡುವಿನ ಮೌನಕ್ಕೆ ಇರುವ ಗಡುವು ಎಂಬುದನ್ನು ನೆನಪಿಡಬೇಕು. ತೊಟ್ಟಿಕ್ಕುತ್ತಾ ಬರುವ ಉತ್ತರ ಮೂವತ್ತು ಸೆಕೆಂಡನ್ನು ಎಷ್ಟೋ ಪಟ್ಟು ಮೀರಬಹುದು.

ಈ ಗಡುವನ್ನು ಎಲ್ಲ ಕೋರಿಕೆಗಳಿಗೂ ಒಂದೇ ಕಡೆಯಿಂದ ಅನ್ವಯಿಸುವುದು ಮಾತ್ರ ಅಂದುಕೊಂಡಷ್ಟು ಸುಲಭವಲ್ಲ. ಹೆಡರ್, ಕುಕಿ ಮುಂತಾದವನ್ನು ಹಂಚಿಕೊಳ್ಳಲು ಸೆಷನ್ ಎಂಬ ವಸ್ತುವಿದೆ, ಆದರೆ ಅದಕ್ಕೆ ಗಡುವಿನ ಗುಣವಿಲ್ಲ. ಹಳೆಯ ಕೋಡ್‌ನ ಒಂದು ಫೈಲಿನಲ್ಲಿ ಸೆಷನ್ ಚುಕ್ಕಿ ಟೈಮ್‌ಔಟ್ ಸಮ ಹತ್ತು ಎಂದು ಬರೆದಿತ್ತು. ಪೈಥಾನ್ ಇಂಥ ವಸ್ತುಗಳಿಗೆ ಹೊಸ ಗುಣ ಅಂಟಿಸಲು ಬಿಡುತ್ತದೆಯಾದ್ದರಿಂದ ಆ ಸಾಲು ದೋಷ ತೋರಿಸದೆ ಓಡುತ್ತಿತ್ತು, ಆದರೆ ಅದನ್ನು ಓದುವವರು ಯಾರೂ ಇರಲಿಲ್ಲ. ಸರಿಯಾದ ದಾರಿಯೆಂದರೆ ಎಚ್‌ಟಿಟಿಪಿ ಅಡಾಪ್ಟರ್ ಎಂಬ ಕ್ಲಾಸನ್ನು ವಿಸ್ತರಿಸಿ, ಅದರ ಸೆಂಡ್ ವಿಧಾನದಲ್ಲಿ ಗಡುವು ಖಾಲಿ ಇದ್ದರೆ ನಮ್ಮದನ್ನು ತುಂಬಿ, ಆ ಅಡಾಪ್ಟರನ್ನು ಸೆಷನ್‌ಗೆ ಜೋಡಿಸುವುದು. ಎಚ್‌ಟಿಟಿಪಿಎಕ್ಸ್ ಎಂಬ ಇನ್ನೊಂದು ಲೈಬ್ರರಿ ಬಳಸುವವರಿಗೆ ಈ ಪಾಡಿಲ್ಲ; ಅದು ತಾನಾಗಿಯೇ ಐದು ಸೆಕೆಂಡಿನ ಗಡುವು ಹಾಕಿಕೊಂಡಿರುತ್ತದೆ.

ಹೆಡರ್‌ಗಳ ವಿಷಯಕ್ಕೆ ಬಂದಾಗ ‘ಎಲ್ಲರಿಗೂ ಒಂದೇ’ ಎಂಬುದು ಅಪಾಯಕ್ಕೂ ದಾರಿ. ತಂತ್ರಾಂಶದ ಹೆಸರು, ಆವೃತ್ತಿ, ಸಂಪರ್ಕದ ಇಮೇಲ್ ಇರುವ ಯೂಸರ್-ಏಜೆಂಟ್ ಮೂರೂ ಸೇವೆಗಳಿಗೆ ಹೋಗಬೇಕು, ಹೋಗಲಿ. ಅದನ್ನು ಹಾಕಿದ ದಿನವೇ 403 ಬರುವುದು ನಿಂತಿತು. ಆದರೆ ಹಣ ಕೊಟ್ಟ ಸೇವೆಯ ಗುಪ್ತ ಕೀಲಿಯನ್ನೂ ಅದೇ ಸೆಷನ್‌ನ ಹೆಡರ್‌ನಲ್ಲಿ ಇಟ್ಟರೆ ಅದು ವಿಕಿಡೇಟಾಗೂ ನಾಮಿನಾಟಿಮ್‌ಗೂ ಪ್ರತಿ ಸಲ ತಲುಪುತ್ತದೆ. ಸರ್ವರ್ ನಮ್ಮನ್ನು ಬೇರೆ ವಿಳಾಸಕ್ಕೆ ತಿರುಗಿಸಿದಾಗ ಆಥರೈಸೇಷನ್ ಹೆಡರನ್ನು ಲೈಬ್ರರಿ ತೆಗೆದುಹಾಕುತ್ತದೆ, ಆದರೆ ಸೇವೆಯವರು ತಮ್ಮದೇ ಹೆಸರಿನಲ್ಲಿ ಕೇಳುವ ಕೀಲಿ ಹೆಡರಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಆತಿಥೇಯ ವಿಳಾಸಕ್ಕೊಂದು (ಸೇವೆಯ ಸರ್ವರ್‌ಗೊಂದು) ಸೆಷನ್ ಮಾಡಿ, ಎಲ್ಲವೂ ಒಂದೇ ಸೆಟ್ಟಿಂಗ್ ಫೈಲನ್ನು ಓದುವಂತೆ ಮಾಡಿದೆ. ಫೈಲಿನ ಮೇಲ್ಭಾಗದಲ್ಲಿ ಎಲ್ಲರಿಗೂ ಅನ್ವಯಿಸುವ ಮೌಲ್ಯಗಳು, ಕೆಳಗೆ ಆಯಾ ವಿಳಾಸಕ್ಕೆ ಬೇಕಾದ ಬದಲಾವಣೆಗಳು: ಗಡುವು, ಎರಡು ಕೋರಿಕೆಗಳ ನಡುವಿನ ಅಂತರ, ಗರಿಷ್ಠ ಮರುಪ್ರಯತ್ನ. ಹೆಸರಿಲ್ಲದ ಹೊಸ ವಿಳಾಸಕ್ಕೆ ಯಾರಾದರೂ ಕೋರಿಕೆ ಕಳುಹಿಸಿದರೆ ಅತ್ಯಂತ ನಿಧಾನದ ಮೌಲ್ಯವೇ ಅನ್ವಯಿಸುತ್ತದೆ. ಕೀಲಿಗಳು ಈ ಫೈಲಿನಲ್ಲಿ ಇಲ್ಲ, ಅವು ಪರಿಸರ ಚರಾಂಶಗಳಲ್ಲಿ ಇವೆ. ನಾಮಿನಾಟಿಮ್‌ನ ಭಾಗದಲ್ಲಿ ಮಾತ್ರ ಆಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್‌ಗೆ ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಎಂದು ಹಾಕಿದ್ದರಿಂದ, ನಕಾಶೆಯಲ್ಲಿ ಕನ್ನಡ ಹೆಸರು ದಾಖಲಾಗಿರುವ ಊರುಗಳು ಕನ್ನಡದಲ್ಲಿಯೇ ಬರತೊಡಗಿದವು.

ಇನ್ನು ವೇಗದ ಮಿತಿ. ಟೋಕನ್ ಬಕೆಟ್ ಎಂಬ ವಿಧಾನವನ್ನು ಎಲ್ಲರೂ ಸೂಚಿಸುತ್ತಾರೆ: ನಿಗದಿತ ವೇಗದಲ್ಲಿ ಬಿಲ್ಲೆಗಳು ತುಂಬುತ್ತಿರುತ್ತವೆ, ಕೋರಿಕೆಗೆ ಒಂದು ಬಿಲ್ಲೆ ಖರ್ಚಾಗುತ್ತದೆ. ತೊಡಕು ಇರುವುದು ಬಕೆಟ್‌ನ ಗಾತ್ರದಲ್ಲಿ. ನಿಮಿಷಕ್ಕೆ ಅರವತ್ತು ಎಂದು ಬರೆದು ಗಾತ್ರವನ್ನೂ ಅರವತ್ತೇ ಇಟ್ಟರೆ, ಸರಾಸರಿ ಸೆಕೆಂಡಿಗೆ ಒಂದೇ ಆದರೂ ಮೊದಲ ಸೆಕೆಂಡಿನಲ್ಲಿ ಅರವತ್ತು ಕೋರಿಕೆಗಳು ಒಟ್ಟಿಗೆ ಹೊರಡುತ್ತವೆ. ಸೆಕೆಂಡಿಗೊಂದು ಎನ್ನುವ ಸೇವೆಗೆ ಗಾತ್ರ ಒಂದೇ ಇರಬೇಕು. ಜೊತೆಗೆ, ನಾವು ಸರಿಯಾಗಿ ಒಂದು ಸೆಕೆಂಡ್ ಬಿಟ್ಟು ಕಳುಹಿಸಿದರೂ ಜಾಲದ ಏರುಪೇರಿನಿಂದ ಅವು ಅಲ್ಲಿಗೆ ಇನ್ನೂ ಹತ್ತಿರ ಹತ್ತಿರ ತಲುಪಬಹುದು. ಅದಕ್ಕೇ ಅಂತರವನ್ನು ಒಂದೂವರೆ ಸೆಕೆಂಡಿಗೆ ಏರಿಸಿದೆ.

ಇಷ್ಟಾದ ಮೇಲೂ 429 ಬರುತ್ತಿತ್ತು. ತಂತ್ರಾಂಶ ನಾಲ್ಕು ಪ್ರತ್ಯೇಕ ಪ್ರೊಸೆಸ್‌ಗಳಾಗಿ (ಒಂದೇ ಹೊತ್ತಿಗೆ ಓಡುವ ಪ್ರತಿಗಳಾಗಿ) ಓಡುತ್ತಿದ್ದು, ಪ್ರತಿಯೊಂದಕ್ಕೂ ತನ್ನದೇ ಬಕೆಟ್ ಇದ್ದುದೇ ಇದಕ್ಕೆ ಕಾರಣ. ಪಡಿತರ ಚೀಟಿ ಒಂದೇ ಇರುವಾಗ ಮನೆಯ ನಾಲ್ವರು ನಾಲ್ಕು ಚೀಲ ಹಿಡಿದು ಹೋದರೂ ಸಿಗುವ ಅಕ್ಕಿ ಹೆಚ್ಚುವುದಿಲ್ಲ. ಸರ್ವರ್ ಲೆಕ್ಕ ಹಾಕುವುದು ನಮ್ಮ ಐಪಿ ವಿಳಾಸಕ್ಕೋ ಕೀಲಿಗೋ ಹೊರತು ಪ್ರೊಸೆಸ್‌ಗಲ್ಲ. ಈ ಲೆಕ್ಕವನ್ನು ಹಂಚಿಕೊಳ್ಳಲು ಹಲವು ಯಂತ್ರಗಳಿದ್ದವರು ರೆಡಿಸ್ ಎಂಬ ಡೇಟಾಬೇಸ್ ಬಳಸುತ್ತಾರೆ. ನಮ್ಮದು ಒಂದೇ ಯಂತ್ರವಾದ್ದರಿಂದ ಒಂದೇ ಫೈಲಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಸಾಕಾಯಿತು. ವಿಳಾಸಕ್ಕೊಂದು ಸಾಲು, ಅದರಲ್ಲಿ ಮುಂದಿನ ಕೋರಿಕೆ ಯಾವ ಹೊತ್ತಿಗೆ ಹೊರಡಬಹುದು ಎಂಬ ಸಮಯ. ಪ್ರೊಸೆಸ್ ಬೀಗ ಹಾಕಿ ಆ ಸಮಯ ಓದಿ, ತನ್ನ ಪಾಳಿ ಕಾದಿರಿಸಿ, ಸಮಯವನ್ನು ಒಂದೂವರೆ ಸೆಕೆಂಡ್ ಮುಂದೂಡಿ, ಬೀಗ ಬಿಟ್ಟು, ಆಮೇಲೆ ಮಲಗಬೇಕು. ಬೀಗ ಹಿಡಿದುಕೊಂಡೇ ಮಲಗಿದರೆ ಉಳಿದವರಿಗೆ ಐದು ಸೆಕೆಂಡಿನ ನಂತರ ಡೇಟಾಬೇಸ್‌ಗೆ ಬೀಗ ಬಿದ್ದಿದೆ ಎಂಬ ದೋಷ ಕಾಣುತ್ತದೆ, ಏಕೆಂದರೆ ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್ ತಾನಾಗಿ ಕಾಯುವುದು ಅಷ್ಟೇ ಹೊತ್ತು. ಒಂದು ಕಟ್ಟಡದಲ್ಲಿ ಎಲ್ಲರೂ ಒಂದೇ ಇಂಟರ್ನೆಟ್ ಸಂಪರ್ಕದಿಂದ ಕೆಲಸ ಮಾಡುವವರಾದರೆ, ಪಕ್ಕದ ಮೇಜಿನಲ್ಲಿ ಪರೀಕ್ಷೆಗೆಂದು ಓಡುವ ಪ್ರತಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ ಎಂಬುದು ಮರೆಯದಿರಲಿ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಮರುಪ್ರಯತ್ನ. ನನ್ನ ಲೆಕ್ಕದಲ್ಲಿ ಒಂದು ಕೋರಿಕೆ ಎಂದಿದ್ದ ಕಡೆ, ಸ್ಥಳೀಯ ಪರೀಕ್ಷಾ ಸರ್ವರ್‌ನ ಲಾಗ್‌ನಲ್ಲಿ ಐದಾರು ಕಾಣುತ್ತಿದ್ದವು. ರಿಕ್ವೆಸ್ಟ್ಸ್ ತಾನಾಗಿ ಮರುಪ್ರಯತ್ನ ಮಾಡುವುದಿಲ್ಲ. ಆದರೆ ಅಡಾಪ್ಟರ್‌ಗೆ, ರಿಕ್ವೆಸ್ಟ್ಸ್‌ನ ಅಡಿಯಲ್ಲಿ ಕೆಲಸ ಮಾಡುವ ಯುಆರ್‌ಎಲ್‌ಲಿಬ್3 ಲೈಬ್ರರಿಯ ರಿಟ್ರೈ ವಸ್ತುವನ್ನು ಕೊಟ್ಟರೆ ಆ ಮರುಪ್ರಯತ್ನಗಳು ಕೆಳಗಿನ ಲೈಬ್ರರಿಯೊಳಗೇ ನಡೆದುಹೋಗುತ್ತವೆ. ಮೇಲೆ ಸೆಂಡ್‌ನಲ್ಲಿ ಕುಳಿತಿರುವ ನಮ್ಮ ಮಿತಿಗಾರನಿಗೆ (ವೇಗದ ಮಿತಿ ಕಾಯುವ ಕೋಡ್‌ಗೆ) ಮೊದಲ ಕೋರಿಕೆ ಮಾತ್ರ ಕಾಣುತ್ತದೆ, ಉಳಿದವು ಅವನ ಕಣ್ಣು ತಪ್ಪಿಸಿ ಹೊರಡುತ್ತವೆ. 429 ಅನ್ನು ಮರುಪ್ರಯತ್ನದ ಪಟ್ಟಿಯಲ್ಲಿ ಬರೆಯದಿದ್ದರೂ, ಉತ್ತರದಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಕಾದು ಮತ್ತೆ ಕೇಳುತ್ತದೆ. ಇದರ ಮೇಲೆ ಹಳೆಯ ಕೋಡ್‌ನಲ್ಲಿ ಕೆಲಸಗಳ ಸರದಿಗೂ ಪ್ರತ್ಯೇಕ ಮರುಪ್ರಯತ್ನವಿತ್ತು. ಕೆಳಗೆ ಐದು, ಮೇಲೆ ಮೂರು ಎಂದರೆ ಅವು ಕೂಡುವುದಿಲ್ಲ, ಗುಣಿಸುತ್ತವೆ.

ಕೊನೆಗೆ ಕೆಳಗಿನ ಹಂತದಲ್ಲಿ ಸಂಪರ್ಕವೇ ಸಿಗದಿದ್ದಾಗಿನ ಒಂದು ಮರುಪ್ರಯತ್ನ ಮಾತ್ರ ಉಳಿಸಿ, ಹೆಡರ್ ನೋಡಿ ಕಾಯುವ ಗುಣವನ್ನು ಅಲ್ಲಿ ಆರಿಸಿ, ಉಳಿದ ನಿರ್ಧಾರಗಳನ್ನೆಲ್ಲ ನಮ್ಮದೇ ಒಂದು ಲೂಪ್‌ಗೆ ತಂದೆ. ಪ್ರತಿ ಸುತ್ತೂ ಮಿತಿಗಾರನ ಮುಂದೆ ಹಾದೇ ಹೋಗಬೇಕು. ಕಾಯುವ ಅವಧಿ ಪ್ರತಿ ಸೋಲಿಗೂ ಇಮ್ಮಡಿಯಾಗುತ್ತದೆ, ನಾಲ್ಕೂ ಪ್ರೊಸೆಸ್‌ಗಳು ಒಂದೇ ಕ್ಷಣಕ್ಕೆ ಎದ್ದು ಬಾರದಂತೆ ಅದಕ್ಕೆ ಒಂದಿಷ್ಟು ಯಾದೃಚ್ಛಿಕ ಕಾಲ ಸೇರುತ್ತದೆ. 429 ಅಥವಾ 503 (ಸೇವೆ ಸದ್ಯಕ್ಕೆ ಲಭ್ಯವಿಲ್ಲ) ಬಂದು ಕಾಯಲು ಹೇಳಿದರೆ, ಕೇಳಿಸಿಕೊಂಡ ಪ್ರೊಸೆಸ್ ತಾನೊಂದೇ ಮಲಗುವುದಿಲ್ಲ, ಹಂಚಿಕೊಂಡ ಕೋಷ್ಟಕದಲ್ಲಿ ಆ ವಿಳಾಸದ ಸಮಯವನ್ನೇ ಮುಂದೂಡುತ್ತದೆ. ಆಗ ಎಲ್ಲರೂ ಕಾಯುತ್ತಾರೆ. ಈ ಒಂದು ಬದಲಾವಣೆಯ ನಂತರ 429 ಬಹುತೇಕ ಕಾಣೆಯಾಯಿತು.

429 ಎಂಬ ಸಂಖ್ಯೆ ಇಂಟರ್ನೆಟ್ ಮಾನಕಗಳ ದಾಖಲೆಯಾದ ಆರ್‌ಎಫ್‌ಸಿ 6585ರಲ್ಲಿ, 2012ರಲ್ಲಿ, ಬಂದದ್ದು. ಅದರ ಜೊತೆ ಬರಬಹುದಾದ ರಿಟ್ರೈ-ಆಫ್ಟರ್ ಹೆಡರ್ ಎರಡು ರೂಪದಲ್ಲಿ ಇರಬಹುದು: ಇಷ್ಟು ಸೆಕೆಂಡ್ ಎಂಬ ಅಂಕಿ, ಇಲ್ಲವೇ ಜಿಎಂಟಿಯಲ್ಲಿ ಬರೆದ ದಿನಾಂಕ ಮತ್ತು ಸಮಯ. ನಮ್ಮ ಖಾಸಗಿ ಸೇವೆ ತನ್ನ ಕೈಪಿಡಿಯಲ್ಲಿ ಅಂಕಿ ಎಂದು ಹೇಳಿ ದಿನಾಂಕ ಕಳುಹಿಸುತ್ತಿತ್ತು. ಅದನ್ನು ಪೂರ್ಣಾಂಕಕ್ಕೆ ತಿರುಗಿಸುವ ಸಾಲಿನಲ್ಲಿ ತಂತ್ರಾಂಶ ಬಿದ್ದುಹೋಗುತ್ತಿತ್ತು. ದಿನಾಂಕ ಓದಲು ಕಲಿಸಿದ ಮೇಲೆ ಹೊಸ ಪೀಡೆ ಶುರುವಾಯಿತು. ಬಾಡಿಗೆ ಸರ್ವರ್‌ನಲ್ಲಿ ಅರ್ಧ ನಿಮಿಷ ಕಾಯುತ್ತಿದ್ದ ಅದೇ ಕೋಡ್, ನನ್ನ ಲ್ಯಾಪ್‌ಟಾಪಿನಲ್ಲಿ ಐದೂವರೆ ಗಂಟೆ ಮಲಗಲು ಹೊರಡುತ್ತಿತ್ತು. ಲಾಗ್‌ನಲ್ಲಿ ಕಾಯಬೇಕಾದ ಅವಧಿ 19,830 ಸೆಕೆಂಡ್ ಎಂದು ಬಂದುದನ್ನು ನೋಡಿ ಅದರಿಂದ 19,800 ಕಳೆದಾಗ ವಿಷಯ ಹೊಳೆಯಿತು: ಅದು ನಮ್ಮ ಭಾರತೀಯ ಕಾಲಮಾನಕ್ಕೂ ಜಿಎಂಟಿಗೂ ಇರುವ ಅಂತರ. ಹಳೆಯ ಕೋಡ್ ಈಗಿನ ಸಮಯ ತಿಳಿಯಲು ಬಳಸುತ್ತಿದ್ದ ಯುಟಿಸಿನೌ ಎಂಬ ವಿಧಾನ ಕಾಲವಲಯದ ಗುರುತಿಲ್ಲದ ಸಮಯ ಕೊಡುತ್ತದೆ, ಅದನ್ನು ಸೆಕೆಂಡಿಗೆ ತಿರುಗಿಸುವಾಗ ಪೈಥಾನ್ ಅದು ಸ್ಥಳೀಯ ಸಮಯವೇ ಎಂದು ಭಾವಿಸುತ್ತದೆ. ಯುಟಿಸಿಯಲ್ಲಿ ಓಡುವ ಸರ್ವರ್‌ನಲ್ಲಿ ಈ ದೋಷ ಅಡಗಿ ಕುಳಿತಿರುತ್ತದೆ. ಆ ವಿಧಾನವನ್ನು ಬಿಡಿ ಎಂದು ಪೈಥಾನ್ 3.12 ರಿಂದ ಎಚ್ಚರಿಕೆಯೂ ಬರುತ್ತದೆ. ಸಮಯವನ್ನು ಕಾಲವಲಯದೊಂದಿಗೇ ಪಡೆಯಿರಿ, ಮತ್ತು ಎಷ್ಟೇ ಹೇಳಿದರೂ ಇಷ್ಟಕ್ಕಿಂತ ಹೆಚ್ಚು ಮಲಗುವುದಿಲ್ಲ, ದೋಷವೆಂದು ತಿಳಿಸಿ ನಿಲ್ಲುತ್ತೇನೆ ಎಂಬ ಮೇಲ್ಮಿತಿಯೊಂದನ್ನು ಸೆಟ್ಟಿಂಗ್‌ನಲ್ಲಿ ಇಡಿ.

ಕೆಲವು ಸೋಲುಗಳು ಗೆಲುವಿನ ವೇಷದಲ್ಲಿ ಬರುತ್ತವೆ. ವಿಕಿಮೀಡಿಯಾದ ಎಪಿಐಗೆ ಮ್ಯಾಕ್ಸ್‌ಲ್ಯಾಗ್ 5 ಎಂದು ಕಳುಹಿಸಿದರೆ, ಅವರ ಡೇಟಾಬೇಸ್ ಪ್ರತಿಗಳು ಐದು ಸೆಕೆಂಡಿಗಿಂತ ಹಿಂದೆ ಬಿದ್ದಿರುವಾಗ ಅದು ನಮ್ಮ ಕೆಲಸವನ್ನು ನಿರಾಕರಿಸಿ ಆಮೇಲೆ ಬರಲು ಹೇಳುತ್ತದೆ. ಅವಸರವಿಲ್ಲದ ಕೆಲಸಗಳಿಗೆ ಇದು ಅವರೇ ಬಯಸುವ ಸೌಜನ್ಯ. ಆದರೆ ಆ ನಿರಾಕರಣೆ ಬರುವುದು 200 ಎಂಬ ಯಶಸ್ಸಿನ ಸಂಖ್ಯೆಯೊಂದಿಗೆ, ದೋಷದ ಮಾತು ಉತ್ತರದ ಒಡಲಿನಲ್ಲಿರುತ್ತದೆ. ನಾವು ಬಳಸುತ್ತಿದ್ದ ರಿಕ್ವೆಸ್ಟ್ಸ್-ಕ್ಯಾಶ್ ಲೈಬ್ರರಿ 200 ಬಂದ ಉತ್ತರಗಳನ್ನೆಲ್ಲ ಉಳಿಸುವುದರಿಂದ ಈ ನಿರಾಕರಣೆಗಳನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು, ಕೇಳಿದಾಗಲೆಲ್ಲ ಅವನ್ನೇ ಕೊಡುತ್ತಿತ್ತು. ಒಡಲನ್ನು ತೆರೆದು ನೋಡಿ ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸೋಸುವಿಕೆಯನ್ನು ಸೇವೆಗೊಂದರಂತೆ ಬರೆಯಬೇಕಾಯಿತು.

ಕನ್ನಡದ ಹೆಸರುಗಳು ತಂದ ತೊಡಕುಗಳೂ ಇವೆ, ಇಂಗ್ಲಿಷ್ ಉದಾಹರಣೆಗಳನ್ನು ನೋಡಿ ಕೋಡ್ ಬರೆಯುವವರಿಗೆ ಅವು ಎದುರಾಗುವುದೇ ಇಲ್ಲ. ಶ್ರವಣಬೆಳಗೊಳ ಎಂಬ ಹೆಸರು ಯುನಿಕೋಡ್‌ನಲ್ಲಿ ಹನ್ನೊಂದು ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದೂ ಮೂರು ಬೈಟ್, ವೆಬ್ ವಿಳಾಸದೊಳಗೆ ಬರೆದಾಗ ಒಂದೊಂದು ಬೈಟೂ ಮೂರು ಅಕ್ಷರ. ಅಲ್ಲಿಗೆ ಆ ಒಂದು ಊರಿಗೇ 99 ಅಕ್ಷರಗಳು. ಇಂಥ ಐವತ್ತನ್ನು ಒಂದೇ ಗೆಟ್ ಕೋರಿಕೆಯಲ್ಲಿ ಕಟ್ಟಿದರೆ ವಿಳಾಸ ಐದು ಸಾವಿರ ಅಕ್ಷರ ದಾಟುವ ಹೊತ್ತಿಗೆ ನಡುವಿನ ಯಾವುದಾದರೂ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) 414, ಅಂದರೆ ವಿಳಾಸ ಅತಿ ಉದ್ದ, ಎಂದು ತಳ್ಳಿಬಿಡಬಹುದು. ಹೆಸರುಗಳನ್ನು ವಿಳಾಸದ ಬದಲು ಕೋರಿಕೆಯ ಒಡಲಿನಲ್ಲಿ ಕಳುಹಿಸುವ ಪೋಸ್ಟ್‌ಗೆ ಬದಲಾಯಿಸಿದರೆ ಆ ಚಿಂತೆ ಇಲ್ಲ. ಯುಆರ್‌ಎಲ್‌ಲಿಬ್3 ಪೋಸ್ಟ್ ಕೋರಿಕೆಗಳನ್ನು ತಾನಾಗಿ ಮತ್ತೆ ಕಳುಹಿಸುವ ಪಟ್ಟಿಯಲ್ಲಿ ಇಟ್ಟಿಲ್ಲ. ಬರೀ ಓದುವ ಕೆಲಸವಾದ್ದರಿಂದ ನಮ್ಮ ಲೂಪ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟೆ. ಇನ್ನೊಂದು, ‘ನುಡಿ’ ತಂತ್ರಾಂಶದ ಹಳೆಯ ಕಡತಗಳಿಂದ ಯುನಿಕೋಡ್‌ಗೆ ತಂದ ಕೆಲವು ಸಾಲುಗಳಲ್ಲಿ ಒತ್ವದ ಚಿಹ್ನೆ ಒಂದೇ ಸಂಕೇತವಾಗಿರದೆ ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿ ಕುಳಿತಿತ್ತು. ಕಣ್ಣಿಗೆ ಎರಡೂ ಒಂದೇ, ಕ್ಯಾಶ್‌ಗೆ ಮಾತ್ರ ಎರಡು ಬೇರೆ ಊರುಗಳು, ಎರಡು ಬೇರೆ ಕೋರಿಕೆಗಳು. ಕೇಳುವ ಮೊದಲು ಎಲ್ಲ ಹೆಸರುಗಳನ್ನೂ ಬಿಡಿ ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ಎಂಬ ಯುನಿಕೋಡ್ ರೂಪಕ್ಕೆ ತಂದು, ಕಾಣದ ಜೋಡಕ ಚಿಹ್ನೆಗಳನ್ನು ಒಂದೇ ನಿಯಮಕ್ಕೆ ಒಳಪಡಿಸಿದೆವು.

ಖರ್ಚಿನ ಮಾತು. ಹಣ ಕೊಡುವ ಸೇವೆಯಲ್ಲಿ ಸೋತ ಕೋರಿಕೆಯೂ ತಿಂಗಳ ಪಾಲಿನಿಂದ ಕಡಿತವಾಗುತ್ತಿತ್ತು, ಇದು ಅವರ ದರಪಟ್ಟಿಯ ಅಡಿಟಿಪ್ಪಣಿಯಲ್ಲಿ ಮಾತ್ರ ಇತ್ತು. ಹಳೆಯ ಗುಣಾಕಾರದ ಮರುಪ್ರಯತ್ನಗಳಿಂದ ನಮ್ಮ ಪಾಲು ತಿಂಗಳ ಮೊದಲ ವಾರದಲ್ಲೇ ಮುಗಿಯುತ್ತಿದ್ದುದಕ್ಕೆ ಕಾರಣ ಅದೇ. ಬೆಂಬಲ ವಿಭಾಗಕ್ಕೆ ಬರೆದ ಪತ್ರಕ್ಕೆ ಬಂದ ಉತ್ತರ ಅದೇ ಅಡಿಟಿಪ್ಪಣಿಯ ನಕಲು. ಆ ಹಣ ವಾಪಸ್ಸು ಬರಲಿಲ್ಲ. ಈಗ ಅಂತರದ ಜೊತೆಗೆ ದಿನಕ್ಕೆ ಇಷ್ಟೇ ಎಂಬ ಎಣಿಕೆಯೂ ಅದೇ ಕೋಷ್ಟಕದಲ್ಲಿ ಇದೆ, ಅದು ಮುಗಿದರೆ ಆ ಸೇವೆಯನ್ನು ಬಿಟ್ಟು ಕೆಲಸ ಮುಂದುವರಿಯುತ್ತದೆ.

ಪರೀಕ್ಷೆಯನ್ನು ಸಾರ್ವಜನಿಕ ಸೇವೆಗಳ ಮೇಲೆ ಮಾಡಬೇಡಿ. ನಮ್ಮ ಯಂತ್ರದಲ್ಲೇ ಓಡುವ ಹತ್ತಿಪ್ಪತ್ತು ಸಾಲಿನ ಸರ್ವರ್ ಒಂದನ್ನು ಬರೆದು, ಅದು ಬೇಕೆಂದೇ ಕೆಲವು ಸಲ 429 ಅನ್ನು ಅಂಕಿಯೊಂದಿಗೆ, ಕೆಲವು ಸಲ ದಿನಾಂಕದೊಂದಿಗೆ, ಕೆಲವು ಸಲ ಹೆಡರ್ ಇಲ್ಲದೆಯೇ ಕೊಡುವಂತೆ, ಮತ್ತೆ ಕೆಲವು ಸಲ ಸುಮ್ಮನೆ ತಡೆಹಿಡಿಯುವಂತೆ ಮಾಡಿದರೆ ಎಲ್ಲ ದಾರಿಗಳೂ ಹೊರಬರುತ್ತವೆ. ಕೋರಿಕೆ ಬಂದ ಸಮಯವನ್ನು ಅದು ದಾಖಲಿಸಲಿ. ನಮ್ಮ ಲಾಗ್ ಏನೇ ಹೇಳಿದರೂ ನಂಬಬೇಕಾದ್ದು ಆ ದಾಖಲೆಯನ್ನು.

ಕಡೆಯದಾಗಿ ಉಳಿದದ್ದು ಉತ್ತರವೇ ಇಲ್ಲದ ಊರುಗಳು. ಶಾಸನದ ಪಟ್ಟಿಯಲ್ಲಿ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮಗಳಿವೆ, ಜಲಾಶಯದಲ್ಲಿ ಮುಳುಗಿದವಿವೆ, ಹೆಸರು ಬದಲಾದವಿವೆ. ಇವಕ್ಕೆ ನಾಮಿನಾಟಿಮ್ 200 ಸಂಖ್ಯೆಯೊಂದಿಗೆ ಖಾಲಿ ಪಟ್ಟಿ ಕೊಡುತ್ತದೆ. ಹಳೆಯ ಕೋಡ್ ಖಾಲಿ ಬಂದರೆ ಉಳಿಸದೆ ಬಿಡುತ್ತಿದ್ದುದರಿಂದ, ಸಿಗದ ಊರುಗಳನ್ನೇ ಪ್ರತಿ ರಾತ್ರಿ ಹೊಸದಾಗಿ ಕೇಳುತ್ತಿತ್ತು. ಹಣದ ಸೇವೆಗೂ ಹೋಗುತ್ತಿದ್ದುದು ಹೆಚ್ಚಾಗಿ ಅವೇ. ಈಗ ‘ಇಲ್ಲ’ ಎಂಬ ಉತ್ತರವನ್ನೂ ಉಳಿಸುತ್ತೇವೆ. ನಕಾಶೆಗೆ ಸ್ವಯಂಸೇವಕರು ಹೊಸ ಊರುಗಳನ್ನು ಸೇರಿಸುತ್ತಲೇ ಇರುವುದರಿಂದ ಅದಕ್ಕೆ ತೊಂಬತ್ತು ದಿನಗಳ ಆಯುಸ್ಸು ಕೊಟ್ಟಿದ್ದೇವೆ, ಸಿಕ್ಕ ಊರುಗಳಿಗೆ ಒಂದು ವರ್ಷ. ತೊಂಬತ್ತು ದಿನ ಕಳೆದ ಮೇಲೂ ಸಿಗದವುಗಳ ಪಟ್ಟಿ ತಾಲ್ಲೂಕುವಾರು ಮುದ್ರಣವಾಗಿ ಮೇಷ್ಟ್ರ ಕೈ ಸೇರುತ್ತದೆ. ಹೊಲದ ಸರ್ವೆ ನಂಬರು ಹಿಡಿದು ಊರಿನವರನ್ನು ಕೇಳಿ ಮೇಷ್ಟ್ರು ಗುರುತು ಮಾಡಿದ ಜಾಗವನ್ನು ನಾವು ಕೈಯಿಂದಲೇ ಸೇರಿಸುತ್ತೇವೆ.